ನಿಂಬೆಹಣ್ಣಿಗೆ ಗಟ್ಟಿ ಬ್ರೇಕು

ಮದುವೆಯಾಗಿ ಬಂದ ಹೊಸದರಲ್ಲೇ ಸೊಸೆಗೆ ಒಂದು ವಿಷಯ ತಿಳಿಯಿತು. ಅತ್ತೆಯ ಕಾರಿನಲ್ಲಿ ಮುಂದಿನ ಎಡಗಡೆ ಸೀಟು ಮಾವನದು, ಮತ್ತು ಆ ಸೀಟಿಗೂ ಒಂದು ಬ್ರೇಕು ಇದೆ.

ಅದು ಕಣ್ಣಿಗೆ ಕಾಣುವ ಬ್ರೇಕಲ್ಲ. ಮಾವ ನಿವೃತ್ತ ಡ್ರಿಲ್ ಮೇಷ್ಟ್ರು. ಹುಟ್ಟಿದಾಗಿನಿಂದ ಸ್ಟಿಯರಿಂಗ್ ಮುಟ್ಟಿದವರಲ್ಲ. ಆದರೆ ಅತ್ತೆ ಗಾಡಿ ಓಡಿಸುವಾಗ ಎದುರಿಗೆ ನಾಯಿ ಬರಲಿ, ಸೈಕಲ್ ಬರಲಿ, ಗಾಳಿಗೆ ಹಾರಿದ ಕಾಗದವೇ ಬರಲಿ, ಅವರ ಬಲಗಾಲು ತಾನಾಗಿ ಮುಂದಕ್ಕೆ ಚಾಚಿ ನೆಲವನ್ನು ಒತ್ತುತ್ತಿತ್ತು. ಹೀಗೆ ಒತ್ತಿ ಒತ್ತಿ ಆ ಬದಿಯ ರಬ್ಬರ್ ಚಾಪೆಯಲ್ಲಿ ಅಂಗೈಯಗಲದ ತೂತು ಬಿದ್ದಿತ್ತು.

"ನನ್ನ ಬ್ರೇಕಿಗಿಂತ ನಿಮ್ಮ ಬ್ರೇಕೇ ವಾಸಿ. ಅದಾದ್ರೂ ಒತ್ತಿದ ತಕ್ಷಣ ನೆಲ ಸಿಗುತ್ತೆ," ಎನ್ನುತ್ತಿದ್ದರು ಅತ್ತೆ.

ಅತ್ತೆ ದರ್ಜಿ. ಬೀದಿಗೆ ಬಾಗಿಲು ತೆರೆಯುವ ಮುಂಭಾಗದ ಕೋಣೆಯೇ ಅವರ ಅಂಗಡಿ. ಆಸ್ಪತ್ರೆಯವರ ಬಿಳಿ ಕೋಟು, ಬ್ಯಾಂಡಿನವರ ಕೆಂಪು ಕೋಟು, ಹೋಟೆಲಿನವರ ಏಪ್ರನ್ನು, ಹೀಗೆ ಊರಿನಲ್ಲಿ ಸಮವಸ್ತ್ರ ತೊಟ್ಟವರು ಯಾರೇ ಎದುರಾದರೂ ಅತ್ತೆಯ ಕಣ್ಣು ಮೊದಲು ಹೋಗುತ್ತಿದ್ದುದು ಅವರ ಭುಜದ ಹೊಲಿಗೆಗೆ. ಹೊಲಿದದ್ದನ್ನು ಮನೆಮನೆಗೆ ಮುಟ್ಟಿಸಲು ಐವತ್ತು ದಾಟಿದ ಮೇಲೆ ಗಾಡಿ ಕಲಿತು, ಯಾರೋ ಮಾರಲಿಟ್ಟಿದ್ದ ಹಳದಿ ಬಣ್ಣದ ಪುಟ್ಟ ಹಳೆ ಕಾರನ್ನು ಕೊಂಡಿದ್ದರು. ಬೀದಿಯವರು ಅದಕ್ಕೆ ನಿಂಬೆಹಣ್ಣು ಎಂದು ಹೆಸರಿಟ್ಟರು. ಅತ್ತೆ ಅದನ್ನು ಒಪ್ಪಿಕೊಂಡು ತಾವೂ ಹಾಗೆಯೇ ಕರೆಯತೊಡಗಿದರು.

ಸೊಸೆ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅತ್ತೆಯ ಮಗ ಆಸ್ಪತ್ರೆಯಲ್ಲಿ ನರ್ಸ್. ಒಮ್ಮೆ ಸ್ಪ್ಯಾನರ್ ಜಾರಿ ಬೆರಳು ಕುಯ್ದುಕೊಂಡು ಅವಳು ಆಸ್ಪತ್ರೆಗೆ ಹೋಗಿದ್ದಳು. ಅಲ್ಲಿ ಬೆರಳಿಗೆ ಕಟ್ಟು ಹಾಕಿದವನೇ ಮುಂದೆ ಗಂಟೂ ಹಾಕಿದ ಎಂದು ಡಿಪೋದವರು ಇವತ್ತಿಗೂ ನಗುತ್ತಾರೆ.

ಅತ್ತೆ ಸೊಸೆಯ ನಡುವೆ ಜಗಳವಿರಲಿಲ್ಲ. ಇದ್ದ ತೊಂದರೆ ಅದಕ್ಕೆ ತದ್ವಿರುದ್ಧವಾದದ್ದು, ಅತಿ ಮರ್ಯಾದೆ. ಒಂದು ಲೋಟ ತೊಳೆಯಲು ಇಬ್ಬರೂ ಕೈ ಹಾಕಿ, "ಬಿಡಮ್ಮ, ನಾನು ತೊಳೀತೀನಿ," "ಇಲ್ಲ ಅತ್ತೆ, ನಾನು," ಎಂದು ಎಳೆದಾಡಿ, ಕೊನೆಗೆ ಮಾವ ಬಂದು ಆ ಲೋಟ ತೊಳೆಯುತ್ತಿದ್ದರು. ಊಟಕ್ಕೆ ಉಪ್ಪು ಕಡಿಮೆಯಾಗಿದ್ದರೆ ಇಬ್ಬರಲ್ಲಿ ಒಬ್ಬರೂ ಹೇಳುತ್ತಿರಲಿಲ್ಲ. ಒಂದೇ ಮನೆಯಲ್ಲಿದ್ದೂ ನೆಂಟರ ಹಾಗೆ ಇದ್ದರು. "ನೀವಿಬ್ರೂ ಒಂದ್ಸಲ ಜಗಳ ಆಡಿಬಿಡಿ, ನಂಗೆ ನೆಮ್ಮದಿ ಆಗುತ್ತೆ," ಎಂದು ಮಗನೇ ಹೇಳಿದ್ದುಂಟು.

ಹಾಗಿರುವಾಗ ಹಳೆ ಗಾಡಿಗಳ ಸಂಘದ ವಾರ್ಷಿಕ ಕೂಟ ಹತ್ತಿರ ಬಂತು.

ಆ ಕೂಟದಲ್ಲಿ ನೀರಿನ ಲೋಟದ ಪಂದ್ಯ ಎಂದು ಒಂದಿದೆ. ಕಾರಿನ ಬಾನೆಟ್ಟಿನ ಮೇಲೆ ಒಂದು ತಟ್ಟೆ ಅಂಟಿಸಿ, ಅದರಲ್ಲಿ ಅಂಚಿನವರೆಗೆ ನೀರು ತುಂಬಿದ ಲೋಟ ಇಡುತ್ತಾರೆ. ಇಳಿಜಾರು ರಸ್ತೆಯಲ್ಲಿ ಒಳ್ಳೇ ವೇಗದಲ್ಲಿ ಇಳಿದು ಬಂದು, ಬಿಳಿ ಗೆರೆಯ ಮೇಲೆ ಮುಂದಿನ ಚಕ್ರ ನಿಲ್ಲುವಂತೆ ನಿಲ್ಲಿಸಬೇಕು. ಆಮೆಯ ಹಾಗೆ ತೆವಳಿ ಬಂದರೆ ಲೆಕ್ಕಕ್ಕಿಲ್ಲ. ಗೆರೆಗೆ ಹತ್ತಿರ ನಿಂತವರು, ನೀರು ಕಡಿಮೆ ಚೆಲ್ಲಿದವರು ಗೆದ್ದಂತೆ.

ಅತ್ತೆ ಪ್ರತಿ ವರ್ಷ ಸೇರುತ್ತಿದ್ದರು, ಪ್ರತಿ ವರ್ಷ ಸೋಲುತ್ತಿದ್ದರು. ಗೆಲ್ಲುತ್ತಿದ್ದುದು ಮಾವನ ತಂಗಿ. ಹೂವಿನ ಅಂಗಡಿ ಇಟ್ಟಿದ್ದ ಆಕೆ ನಡೆಯುವ ಠೀವಿಗೆ ಮನೆಯವರೆಲ್ಲ ಮಹಾರಾಣಿ ಎಂದೇ ಕರೆಯುತ್ತಿದ್ದರು. ಕಪ್ಪು ಬಣ್ಣದ ಉದ್ದನೆಯ ಕಾರು ಅವರದು. ಗೆದ್ದು ಸುಮ್ಮನಿರುವ ಜಾಯಮಾನವೂ ಅಲ್ಲ.

"ನೀರು ಚೆಲ್ಲಿದ್ರೆ ಚೆಲ್ಲಲಿ ಬಿಡಿ ಅತ್ತಿಗೆ," ಎಂದಿದ್ದರು ಕಳೆದ ವರ್ಷ, "ಆ ನೆಪದಲ್ಲಾದ್ರೂ ಬಾನೆಟ್ ತೊಳೆದ ಹಾಗಾಯ್ತು."

ಈ ಕಥೆಯನ್ನು ಒಂದು ಭಾನುವಾರ ಬೆಳಿಗ್ಗೆ ಚಹಾ ಕುಡಿಯುತ್ತಾ ಮಾವ ನಗುನಗುತ್ತಾ ಹೇಳಿದರು. ಅತ್ತೆ ನಗಲಿಲ್ಲ.

"ನಗಬೇಡಿ. ನನ್ನ ಕಾಲಿನ ತಪ್ಪಲ್ಲ ಅದು," ಎಂದರು. "ಆ ಪೆಡಲ್ ತುಳಿದ್ರೆ ಒದ್ದೆ ಹತ್ತಿ ತುಳಿದ ಹಾಗಾಗುತ್ತೆ. ಎಷ್ಟು ತುಳಿದ್ರೆ ಎಷ್ಟು ಹಿಡಿಯುತ್ತೆ ಅನ್ನೋದೇ ತಿಳಿಯಲ್ಲ. ಮೊದಲು ಏನೂ ಇಲ್ಲ, ಏನೂ ಇಲ್ಲ, ಆಮೇಲೆ ಇದ್ದಕ್ಕಿದ್ದ ಹಾಗೆ ಗಕ್ ಅಂತ ನಿಲ್ಲುತ್ತೆ."

ಸೊಸೆ ಚಹಾದ ಲೋಟ ಕೆಳಗಿಟ್ಟಳು. "ಅತ್ತೆ, ನಾನು ಒಂದ್ಸಲ ನೋಡ್ಲಾ?"

"ಅಯ್ಯೋ, ವಾರವೆಲ್ಲ ಬಸ್ಸಿನ ಕೆಳಗೆ ಮಲಗಿರ್ತೀಯ. ಭಾನುವಾರನೂ ಯಾಕಮ್ಮ..."

"ನೋಡ್ತೀನಿ ಅತ್ತೆ," ಎಂದಳು ಸೊಸೆ. ಅಷ್ಟರಲ್ಲಿ ಅವಳು ಅಂಗಳಕ್ಕೆ ಇಳಿದಾಗಿತ್ತು.

ಪೆಡಲ್ ಒತ್ತಿ ನೋಡಿದಳು. ಅತ್ತೆ ಹೇಳಿದ್ದು ಅಕ್ಷರಶಃ ನಿಜ. ಬ್ರೇಕಿನ ಎಣ್ಣೆ ಸರಿಯಾಗಿತ್ತು, ಎಲ್ಲೂ ಸೋರಿಕೆಯಿಲ್ಲ. ಹಿಂದೆಯೇ ಬಂದ ಅತ್ತೆಯನ್ನು ಸೀಟಿನಲ್ಲಿ ಕೂರಿಸಿ, ಮುಂದಿನ ಚಕ್ರವನ್ನು ಪೂರ್ತಿ ತಿರುಗಿಸಿ, ಪಕ್ಕದಲ್ಲಿ ಮಂಡಿಯೂರಿ, ಚಕ್ರದ ಹಿಂದೆ ಬಗ್ಗಿಕೊಂಡಿದ್ದ ಕಪ್ಪು ರಬ್ಬರ್ ಪೈಪನ್ನು ಮುಷ್ಟಿಯಲ್ಲಿ ಹಿಡಿದಳು.

"ಅತ್ತೆ, ಈಗ ಬ್ರೇಕ್ ತುಳೀರಿ."

ಅತ್ತೆ ತುಳಿದರು. ಸೊಸೆಯ ಮುಷ್ಟಿಯೊಳಗೆ ಪೈಪು ಉಬ್ಬಿತು, ಬಿಟ್ಟಾಗ ಇಳಿಯಿತು. ಅವಳು ಎದ್ದು ಬಂದು ಅತ್ತೆಯನ್ನು ಸೀಟಿನಿಂದ ಇಳಿಸಿದಳು. "ಈಗ ನೀವು ಹಿಡ್ಕೊಳ್ಳಿ, ನಾನು ತುಳೀತೀನಿ."

ಅತ್ತೆ ಮೆಲ್ಲಗೆ ಮಂಡಿಯೂರಿ ಕೈ ಒಳಗೆ ತೂರಿಸಿದರು. ಸೊಸೆ ಪೆಡಲ್ ಒತ್ತಿದಳು.

"ಅಯ್ಯಯ್ಯೋ!" ಎಂದರು ಅತ್ತೆ. "ಇದು ಕಪ್ಪೆ ಗಂಟಲಿನ ಹಾಗೆ ಉಬ್ತಾ ಇದೆ!"

"ಅದೇ ಅತ್ತೆ. ನೀವು ತುಳಿಯೋ ಶಕ್ತಿ ಚಕ್ರಕ್ಕೆ ಹೋಗೋ ಬದಲು ಈ ಪೈಪು ಉಬ್ಬಿಸೋದ್ರಲ್ಲೇ ಅರ್ಧ ಖರ್ಚಾಗ್ತಿದೆ. ಹಳೇ ರಬ್ಬರ್, ಮೆತ್ತಗಾಗಿದೆ. ಹೇಗಿದ್ರೂ ಬದಲಾಯಿಸಲೇಬೇಕು. ಬದಲಾಯಿಸೋದಾದ್ರೆ ಸ್ಟೀಲಿನ ಹೆಣಿಗೆ ಇರೋ ಪೈಪು ಹಾಕೋಣ. ಒಳಗೆ ನಳಿಗೆ, ಮೇಲೆ ಸ್ಟೀಲ್ ತಂತಿಯ ಹೊದಿಕೆ. ಎಷ್ಟು ತುಳಿದ್ರೂ ಅದು ಉಬ್ಬಲ್ಲ. ತುಳಿದಷ್ಟೂ ಚಕ್ರಕ್ಕೇ ಹೋಗುತ್ತೆ."

ಅತ್ತೆ ಇನ್ನೂ ಆ ಪೈಪನ್ನು ಹಿಡಿದುಕೊಂಡೇ ಇದ್ದರು. ಇಷ್ಟು ವರ್ಷ ನನ್ನ ಕಾಲನ್ನು ಬೈದುಕೊಂಡಿದ್ದೆ ಎಂಬ ಸಂಕಟ, ತಪ್ಪು ಕಾಲಿನದಲ್ಲ ಎಂಬ ಖುಷಿ, ಎರಡೂ ಅವರ ಮುಖದಲ್ಲಿ ಒಟ್ಟಿಗೇ ಕಾಣುತ್ತಿದ್ದವು.

ಮಗ ಡ್ಯೂಟಿ ಮುಗಿಸಿ ಬಂದವನು ವಿಷಯ ಕೇಳಿ ಬೆಚ್ಚಿದ. "ಬ್ರೇಕಿನ ಜೊತೆ ಮನೇಲಿ ಆಟ ಆಡಬೇಡಿ. ಅದು ಪ್ರಾಣದ ವಿಷಯ."

"ನೀನು ದಿನಾ ಆಸ್ಪತ್ರೆಗೆ ಹೋಗೋ ಬಸ್ಸಿನ ಬ್ರೇಕ್ ನೋಡೋದು ಯಾರು ಅಂದ್ಕೊಂಡಿದೀಯ?" ಎಂದಳು ಅವನ ಹೆಂಡತಿ.

ಅವನು ಸೋತು ನಕ್ಕ. ಆದರೂ, "ಆಮೇಲೆ ಗಾಡಿ ತಪಾಸಣೆ ಕೇಂದ್ರಕ್ಕೆ ತಗೊಂಡು ಹೋಗಿ ತೋರಿಸಬೇಕು," ಎಂದು ಷರತ್ತು ಹಾಕಿದ. ಅದಕ್ಕೆ ಸೊಸೆ ಕೂಡಲೇ ಒಪ್ಪಿದಳು. ಒಪ್ಪದಿದ್ದರೆ ಅವಳು ಮೆಕ್ಯಾನಿಕ್ ಆಗುತ್ತಿರಲಿಲ್ಲ.

ಅಷ್ಟು ಹಳೆಯ ಕಾರಿಗೆ ಸಿದ್ಧ ಪೈಪು ಸಿಗಲಿಲ್ಲ. ಅಳತೆ ಕೊಟ್ಟು ಮಾಡಿಸಬೇಕಿತ್ತು. ಅಳತೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅತ್ತೆ ಕೊರಳಲ್ಲಿದ್ದ ಟೇಪನ್ನು ತೆಗೆದು ಕಾರಿನ ಪಕ್ಕದಲ್ಲಿ ಹಳೆ ಹಾಸು ಹಾಸಿಕೊಂಡು ಕೂತರು. ಸೊಸೆ ಚಕ್ರವನ್ನು ಎಡಕ್ಕೆ ಪೂರ್ತಿ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು, ಜ್ಯಾಕ್ ಏರಿಸಿ ಚಕ್ರ ಜೋತು ಬೀಳುವಂತೆ ಮಾಡಿದಳು. ಪ್ರತಿ ಸಲವೂ ಅತ್ತೆ ಟೇಪನ್ನು ಪೈಪಿನ ದಾರಿಯಲ್ಲೇ ಬಳಸಿ ಅಳೆದರು.

"ಕೈ ಎತ್ತಿದಾಗ ಕಂಕುಳಲ್ಲಿ ಬಟ್ಟೆ ಎಳೀಬಾರದು ನೋಡು," ಎಂದರು. "ಇಲ್ಲೂ ಅದೇ ಕಥೆ. ಎಳೆತಕ್ಕೆ ಸ್ವಲ್ಪ ಬಿಡಬೇಕು. ಜಾಸ್ತಿ ಬಿಟ್ರೆ ಜೋತು ಬಿದ್ದು ಟೈರಿಗೆ ಉಜ್ಜುತ್ತೆ."

ಡಿಪೋದಲ್ಲಿ ಹೊಸಬರಿಗೆ ಇದನ್ನು ಹೇಳಿಕೊಡಲು ಸೊಸೆಗೆ ಎಷ್ಟೋ ಹೊತ್ತು ಹಿಡಿಯುತ್ತಿತ್ತು. "ಹೌದು ಅತ್ತೆ, ಅಷ್ಟೇ," ಎಂದಳು.

ದೊಡ್ಡ ಯಂತ್ರಗಳಿಗೆ ಪೈಪು ಮಾಡಿಕೊಡುವ ಅಂಗಡಿಗೆ ಇಬ್ಬರೂ ಸೊಸೆಯ ಸ್ಕೂಟರಿನಲ್ಲಿ ಹೋದರು. ಅಂಗಡಿಯವನು ಬ್ರೇಕಿಗೆಂದೇ ಬರುವ ಪೈಪಿನ ಸುರುಳಿ ತೆಗೆದು ಕತ್ತರಿಸಿ, ತುದಿಗಳಿಗೆ ಲೋಹದ ಬಾಯಿ ಕೂರಿಸಿ ಯಂತ್ರದಲ್ಲಿ ಅದುಮಿದ. ಪ್ರತಿಯೊಂದಕ್ಕೂ ಪಂಪು ಜೋಡಿಸಿ, ಬ್ರೇಕಿನಲ್ಲಿ ಎಂದೂ ಬಾರದಷ್ಟು ಒತ್ತಡ ಕೊಟ್ಟು ಅವರ ಕಣ್ಣೆದುರಿಗೇ ಪರೀಕ್ಷೆ ಮಾಡಿ ತೋರಿಸಿದ. ಅತ್ತೆ ಒಂದನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿದರು. ಹೊಳೆಯುವ ಸಣ್ಣ ಸಣ್ಣ ತಂತಿಗಳು ಒಂದರ ಮೇಲೊಂದು ಓರೆಯಾಗಿ ಹಾದು ಹೋಗಿದ್ದವು.

"ಇದು ಜಡೆ ಹೆಣೆದ ಹಾಗೆ ಹೆಣೆದಿರೋದು ಕಣೇ," ಎಂದರು. ಉಗುರಿನಿಂದ ಕೆರೆದು ನೋಡಿದರು. "ಒಂದು ಎಳೆನೂ ಸಡಿಲ ಇಲ್ಲ. ಯಾರು ಹೆಣೆದರೋ, ಅವರ ಕೈಗೆ ಚಿನ್ನದ ಬಳೆ ತೊಡಿಸಬೇಕು."

"ಮೆಷಿನ್ ಹೆಣೆಯೋದಮ್ಮ," ಎಂದ ಅಂಗಡಿಯವನು.

"ಹಾಗಾದ್ರೆ ಮೆಷಿನ್ನಿಗೆ ಎಣ್ಣೆ ಬಿಡಬೇಕು," ಎಂದರು ಅತ್ತೆ.

ಮುಂದಿನ ರಜೆಯ ದಿನ ಬೆಳಿಗ್ಗೆ ಕೆಲಸ ಶುರುವಾಯಿತು. ಸೊಸೆ ಕಾರನ್ನು ಎತ್ತಿ ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಚಕ್ರಗಳನ್ನು ಕಳಚಿಟ್ಟಳು. ಮುಂದಿನ ಎರಡು ಪೈಪುಗಳು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಂದವು. ಅತ್ತೆ ಪಕ್ಕದಲ್ಲಿ ಮುಕ್ಕಾಲಿ ಹಾಕಿಕೊಂಡು, ಕೇಳಿದ ಸ್ಪ್ಯಾನರ್ ಕೊಡುತ್ತಾ ಕೂತಿದ್ದರು. ಮಾವ ಮೆಟ್ಟಿಲ ಮೇಲೆ ಪೇಪರ್ ಓದುತ್ತಿದ್ದರು.

ಹಿಂದಿನದು ಹಟಕ್ಕೆ ಬಿತ್ತು. ರಬ್ಬರ್ ಪೈಪು ಕಾರಿನ ಲೋಹದ ಕೊಳವೆಗೆ ಸೇರುವಲ್ಲಿ ಇದ್ದ ಸಣ್ಣ ನಟ್ಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಸೊಸೆ ಎಣ್ಣೆ ಬಿಟ್ಟಳು, ಕಾದಳು, ಮೆಲ್ಲಗೆ ತಟ್ಟಿದಳು, ಮತ್ತೆ ಕಾದಳು. ಆಮೇಲೆ ಸ್ಪ್ಯಾನರ್ ಹಾಕಿ ತಿರುಗಿಸಿದಳು. ನಟ್ಟು ತಿರುಗಿತು. ಜೊತೆಗೆ ಕೊಳವೆಯೂ ತಿರುಚಿಕೊಂಡು ಪಟಕ್ ಎಂದು ಮುರಿಯಿತು.

ಡಿಪೋದ ಗೋಡೆಗಳ ಒಳಗೆ ಮಾತ್ರ ಆಡುವಂಥ ಒಂದು ಮಾತು ಸೊಸೆಯ ಬಾಯಿಂದ ಹೊರಬಿತ್ತು. ಚಿಕ್ಕ ಮಾತಲ್ಲ, ಉದ್ದನೆಯದು. ಅದರಲ್ಲಿ ನಟ್ಟಿನ ತಾಯಿ, ತಂದೆ, ಅದನ್ನು ಮಾಡಿದ ಕಾರ್ಖಾನೆ ಎಲ್ಲವೂ ಬಂದವು.

ಸೊಸೆ ಕಾರಿನ ಕೆಳಗೇ ಕಣ್ಣು ಮುಚ್ಚಿಕೊಂಡಳು. ಅತ್ತೆಯ ಕಾರು ಮುರಿದದ್ದೂ ಆಯಿತು, ಅತ್ತೆಯ ಎದುರು ಬಾಯಿ ಜಾರಿದ್ದೂ ಆಯಿತು, ಇನ್ನು ಇಲ್ಲೇ ಇದ್ದುಬಿಡುವುದು ಒಳ್ಳೆಯದು ಎನಿಸಿತು ಅವಳಿಗೆ.

"ಏನಂದ್ಲು?" ಎಂದು ಮಾವ ಪೇಪರಿನ ಹಿಂದಿನಿಂದ ಕೇಳಿದರು.

"ನಟ್ಟಿನ ಹೆಸರು ಹೇಳಿದ್ಲು," ಎಂದರು ಅತ್ತೆ. ಆಮೇಲೆ ಬಗ್ಗಿ, ಕಾರಿನ ಕೆಳಗೆ ಮುಖ ತಂದು, ಪಿಸುದನಿಯಲ್ಲಿ, "ಇನ್ನೊಂದ್ಸಲ ಹೇಳೇ, ಪೂರ್ತಿ ಕೇಳಿಸಲಿಲ್ಲ," ಎಂದರು. "ಸೂಜಿ ಮುರಿದಾಗ ಅನ್ನೋಕೆ ನಂಗೂ ಇಂಥದ್ದೊಂದು ಬೇಕಿತ್ತು."

ಸೊಸೆ ಕಣ್ಣು ಬಿಟ್ಟು ನೋಡಿದಳು. ಅತ್ತೆಯ ಮುಖ ತಲೆಕೆಳಗಾಗಿ ಕಾಣುತ್ತಿತ್ತು, ನಗು ತಡೆದು ತಡೆದು ಕೆಂಪಾಗಿತ್ತು. ಮೊದಲು ಯಾರು ನಕ್ಕರೋ ಗೊತ್ತಿಲ್ಲ. ಒಬ್ಬರು ಕಾರಿನ ಕೆಳಗೆ, ಒಬ್ಬರು ಮುಕ್ಕಾಲಿಯ ಮೇಲೆ, ಹೊಟ್ಟೆ ಹಿಡಿದುಕೊಂಡು ನಕ್ಕರು. ಸೊಸೆಯ ಹಣೆ ಕಾರಿನ ತಳಕ್ಕೆ ಬಡಿಯಿತು. ಅದಕ್ಕೂ ನಕ್ಕರು.

"ಮುರೀತು ಅತ್ತೆ. ನನ್ನ ಕೈಯಲ್ಲೇ ಮುರೀತು," ಎಂದಳು ಕೊನೆಗೆ ಕಣ್ಣೊರೆಸಿಕೊಂಡು.

"ಮುರಿದ್ರೆ ಮುರೀಲಿ. ಬಟ್ಟೆ ಹರಿದ್ರೆ ಹೊಲಿಯಲ್ವಾ? ಏನು ಮಾಡ್ಬೇಕು ಹೇಳು."

ಹೊಸ ಕೊಳವೆ ತಂದು ಬಗ್ಗಿಸಿ ಕೂರಿಸಬೇಕಿತ್ತು. ಸೊಸೆ ಡಿಪೋಗೆ ಹೋಗಿ ಮೇಸ್ತ್ರಿಯನ್ನು ಕೇಳಿ, ಕೊಳವೆಯ ಬಾಯಿ ಅಗಲಿಸುವ ಉಪಕರಣ ತಂದಳು. ಹಳೆಯದನ್ನು ಪಕ್ಕದಲ್ಲಿಟ್ಟು ಅದರ ತಿರುವುಗಳನ್ನೇ ನೋಡಿಕೊಂಡು ಹೊಸದನ್ನು ಬಗ್ಗಿಸಿದಳು. ನಟ್ಟು ತೂರಿಸಿ, ತುದಿಯನ್ನು ಉಪಕರಣದಲ್ಲಿ ಬಿಗಿದು ಅಂಚನ್ನು ಅರಳಿಸಿದಳು. ಅರಳಿದ ಅಂಚನ್ನು ಮತ್ತೆ ಒಳಕ್ಕೆ ಮಡಚಿ ಅದುಮಿದಳು.

"ಎರಡು ಮಡಿಕೆ ಯಾಕೆ?" ಎಂದರು ಅತ್ತೆ.

"ಒಂದೇ ಮಡಿಕೆ ಆದ್ರೆ ಸೀಳುತ್ತೆ ಅತ್ತೆ."

"ಅಂಚು ಹೊಲಿಯುವಾಗ ನಾನೂ ಎರಡೇ ಮಡಿಕೆ ಮಡಚೋದು. ಇಲ್ಲಾಂದ್ರೆ ಎಳೆ ಬಿಡುತ್ತೆ," ಎಂದ ಅತ್ತೆ ಆ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ಸುತ್ತ ತಿರುಗಿಸಿ ನೋಡಿದರು. "ಇಲ್ಲಿ ಒಂದು ಕಡೆ ಓರೆ ಆಗಿದೆ ನೋಡು."

ಸೊಸೆ ನೋಡಿದಳು. ನಿಜವಾಗಿಯೂ ಕೂದಲೆಳೆಯಷ್ಟು ಓರೆಯಾಗಿತ್ತು. ಎರಡನೇ ಮಾತಾಡದೆ ಆ ತುದಿಯನ್ನು ಕತ್ತರಿಸಿ ಮತ್ತೆ ಮಾಡಿದಳು. ಅವರಿಬ್ಬರಲ್ಲಿ ಒಬ್ಬರು ಇನ್ನೊಬ್ಬರ ಕೆಲಸದಲ್ಲಿ ತಪ್ಪು ಹೇಳಿದ್ದು ಅದೇ ಮೊದಲು. ಮಧ್ಯಾಹ್ನ ಊಟದ ಹೊತ್ತಿಗೆ ಸೊಸೆಯೂ, "ಅತ್ತೆ, ಸಾರಿಗೆ ಉಪ್ಪು ಹಾಕೋದು ಮರೆತಿದೀರ," ಎಂದಳು. ಮಾವ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಇಬ್ಬರನ್ನೂ ನೋಡಿದರು.

ಊಟವಾದ ಮೇಲೆ ಗಾಳಿ ತೆಗೆಯುವ ಕೆಲಸ. ಪೈಪು ಬದಲಾಯಿಸಿದಾಗ ಒಳಗೆ ಗಾಳಿ ಸೇರುತ್ತದೆ. ಅದನ್ನು ಪೂರ್ತಿ ಹೊರಗೆ ಹಾಕದಿದ್ದರೆ ಹೊಸ ಪೈಪೂ ಒದ್ದೆ ಹತ್ತಿಯೇ. ಅದಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲ್ ತುಳಿದು ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರದ ಸಣ್ಣ ತಿರುಪು ಸಡಿಲಿಸಿ ಗಾಳಿಯನ್ನೂ ಎಣ್ಣೆಯನ್ನೂ ಹೊರಗೆ ಬಿಟ್ಟು ಮತ್ತೆ ಬಿಗಿಯಬೇಕು. ಬಿಗಿಯುವವರೆಗೆ ತುಳಿದವರು ಕಾಲು ಎತ್ತುವ ಹಾಗಿಲ್ಲ.

ಎದುರು ಮನೆಯಲ್ಲಿ ಅದೇ ಹೊತ್ತಿಗೆ ಕಲ್ಲು ಕೊಯ್ಯುವ ಯಂತ್ರ ಶುರುವಾಯಿತು. ಕಾರಿನ ಹಿಂದೆ ಕೂತ ಸೊಸೆಯ ಮಾತು ಮುಂದೆ ಕೂತ ಅತ್ತೆಗೆ ಕೇಳಿಸುವುದಿಲ್ಲ. ಮಾವ ಪೇಪರ್ ಮಡಚಿ ಎದ್ದರು. "ನಾನು ಹೇಳ್ತೀನಿ, ನೀವು ಮಾಡಿ," ಎಂದು ನಡುವೆ ನಿಂತರು.

"ತುಳೀರಿ!" ಎಂದಳು ಸೊಸೆ.

"ತುಳಿ!" ಎಂದರು ಮಾವ. ಅತ್ತೆ ತುಳಿದರು.

"ಬಿಡ್ತಿದೀನಿ!" ಎಂದಳು ಸೊಸೆ ತಿರುಪು ಸಡಿಲಿಸುತ್ತಾ.

"ಬಿಡು!" ಎಂದರು ಮಾವ. ಅತ್ತೆ ಕಾಲು ಬಿಟ್ಟರು. ಹೊರಗೆ ಬರಬೇಕಾದ ಗಾಳಿ ಗುಳಕ್ಕೆಂದು ಒಳಗೇ ಹೋಯಿತು.

"ಕಾಲು ಬಿಡಬೇಡಿ ಅತ್ತೆ!"

"ಬಿಡು ಅಂದ್ರಲ್ಲಾ ಇವರು!"

"ಬಿಡು ಅಂದದ್ದು ಅವಳು!" ಎಂದರು ಮಾವ.

"ನಾನು ಎಣ್ಣೆ ಬಿಡ್ತೀನಿ ಅಂದೆ ಮಾವ, ಕಾಲು ಬಿಡಿ ಅನ್ನಲಿಲ್ಲ!"

ಇನ್ನೆರಡು ಸಲ ಹೀಗೆಯೇ ಆಯಿತು. ಮೂರನೆಯ ಸಲ ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಇನ್ನು ಮೇಲೆ ಈ ಅಂಗಳದಲ್ಲಿ ಯಾರೂ ಬಿಡು ಅನ್ನಕೂಡದು," ಎಂದು ಸಾರಿದರು.

ಮಾವ ಒಳಗೆ ಹೋದರು. ಬರುವಾಗ ಅವರ ಕೊರಳಲ್ಲಿ ಶಾಲೆಯ ಕಾಲದ ಸೀಟಿ ಇತ್ತು, ನಡಿಗೆಯೇ ಬೇರೆಯಾಗಿತ್ತು. ಬೆನ್ನು ನೆಟ್ಟಗೆ, ಗದ್ದ ಮೇಲಕ್ಕೆ. "ಉದ್ದ ಸೀಟಿ, ತುಳಿದು ಹಿಡಿ. ಎರಡು ಗಿಡ್ಡ ಸೀಟಿ, ಕಾಲು ಎತ್ತು. ಹಿಂದೆ ಕೂತ ನೀನು ಕೈ ಎತ್ತಿದ್ರೆ ನಾನು ಊದ್ತೀನಿ. ಅರ್ಥ ಆಯ್ತಾ?"

"ಆಯ್ತು ಸಾರ್!" ಎಂದರು ಅತ್ತೆ ಸೊಸೆ ಒಟ್ಟಿಗೇ.

ಆಮೇಲೆ ಕೆಲಸ ನೀರು ಹರಿದ ಹಾಗೆ ಸಾಗಿತು. ಉದ್ದ ಸೀಟಿಗೆ ಪೆಡಲ್ ಇಳಿಯಿತು, ಸೊಸೆ ಹಿಡಿದ ಬಾಟಲಿಯಲ್ಲಿ ಗುಳ್ಳೆಗಳು ಎದ್ದವು, ಗಿಡ್ಡ ಸೀಟಿಗೆ ಪೆಡಲ್ ಎದ್ದಿತು. ಹಿಂದಿನ ಚಕ್ರ ಮುಗಿಸಿ ಮುಂದಿನ ಚಕ್ರಕ್ಕೆ ಬರುವ ಹೊತ್ತಿಗೆ ಕಲ್ಲು ಕೊಯ್ಯುವವನು ತನ್ನ ಯಂತ್ರ ನಿಲ್ಲಿಸಿ ಗೇಟಿನ ಹತ್ತಿರ ಬಂದು ನಿಂತಿದ್ದ. ಅಕ್ಕಪಕ್ಕದವರೂ ಬಂದಿದ್ದರು. ಈಗ ಯಂತ್ರದ ಸದ್ದಿಲ್ಲ, ಸೀಟಿಯ ಅಗತ್ಯವೂ ಇಲ್ಲ. ಆದರೆ ಮಾವನಿಗೆ ಅದನ್ನು ಹೇಳುವ ಮನಸ್ಸು ಯಾರಿಗೂ ಬರಲಿಲ್ಲ.

ಗುಳ್ಳೆ ಬರುವುದು ನಿಂತಿತು. ಸೊಸೆ ಪ್ರತಿ ಜೋಡಣೆಯನ್ನೂ ಒರೆಸಿ, ಅತ್ತೆಯಿಂದ ಪೆಡಲನ್ನು ಬಲವಾಗಿ ಒತ್ತಿಸಿ, ಎಲ್ಲೂ ಎಣ್ಣೆ ಒಸರುತ್ತಿಲ್ಲ ಎಂದು ಬೆರಳಾಡಿಸಿ ನೋಡಿದಳು.

"ಈಗ ಹೇಗಿದೆ ಅತ್ತೆ?"

ಅತ್ತೆ ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಮೆಲ್ಲಗೆ ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. ಜೀವಮಾನವೆಲ್ಲ ಹೊಲಿಗೆ ಯಂತ್ರ ತುಳಿದ ಪಾದ ಅದು. "ನೆಲ ಸಿಕ್ತು ಕಣೇ," ಎಂದರು. "ಇಷ್ಟು ವರ್ಷ ಕೆಸರಲ್ಲಿ ನಡೀತಿದ್ದೆ. ಈಗ ಕಾಲಿಗೆ ನೆಲ ಸಿಕ್ತು."

ಮೊದಲ ಓಟ ಮಾತ್ರ ಅಷ್ಟು ಗಂಭೀರವಾಗಿರಲಿಲ್ಲ. ಸೊಸೆ ಮೊದಲು ತಾನೇ ಖಾಲಿ ರಸ್ತೆಯಲ್ಲಿ ನಡಿಗೆಯ ವೇಗದಲ್ಲಿ ಓಡಿಸಿ ನೋಡಿ, ಆಮೇಲೆ ಅತ್ತೆಗೆ ಕೊಟ್ಟಳು. ಹಳೆ ರೂಢಿಯಲ್ಲಿ ಅತ್ತೆ ಪೆಡಲನ್ನು ಆಳಕ್ಕೆ ತುಳಿದರು. ನಿಂಬೆಹಣ್ಣು ನಿಂತಲ್ಲೇ ನಿಂತಿತು. ಪಕ್ಕದ ಸೀಟಿನಲ್ಲಿದ್ದ ಮಾವನ ಕನ್ನಡಕ ಹಾರಿ ಗಾಜಿಗೆ ಬಡಿಯಿತು.

"ನಾನಿನ್ನೂ ಒತ್ತೇ ಇರಲಿಲ್ಲ!" ಎಂದರು ಮಾವ ಅವಮಾನವಾದವರ ಹಾಗೆ.

ಮಗ ಗಾಡಿಯನ್ನು ತಪಾಸಣೆಗೆ ಒಯ್ದ. ಅಲ್ಲಿನವರು ಕೆಳಗೆ ಇಳಿದು ದೀಪ ಹಿಡಿದು ನೋಡಿ, ಚಕ್ರಗಳನ್ನು ಯಂತ್ರದ ಮೇಲೆ ಉರುಳಿಸಿ ಬ್ರೇಕಿನ ಬಲ ಅಳೆದು, "ಯಾವ ಗ್ಯಾರೇಜಿನಲ್ಲಿ ಮಾಡಿಸಿದ್ರಿ?" ಎಂದು ಕೇಳಿದರಂತೆ. "ನಮ್ಮ ಮನೆ ಅಂಗಳದಲ್ಲಿ," ಎಂದು ಹೇಳುವಾಗ ಅವನ ಎದೆ ಎಷ್ಟು ಉಬ್ಬಿತ್ತೆಂದರೆ, ಬ್ರೇಕಿನೊಡನೆ ಆಟ ಬೇಡ ಎಂದವನು ಇವನೇ ಎಂದು ಯಾರೂ ನಂಬುತ್ತಿರಲಿಲ್ಲ.

ಆ ವಾರವೆಲ್ಲ ಸಂಜೆ ಸೊಸೆ ಡಿಪೋದಿಂದ ಬಂದೊಡನೆ ಅಭ್ಯಾಸ. ಡಿಪೋದ ಹಿಂದಿನ ಖಾಲಿ ಜಾಗದಲ್ಲಿ ಸೀಮೆಸುಣ್ಣದ ಗೆರೆ ಎಳೆದು, ಬಾನೆಟ್ಟಿನ ಮೇಲೆ ಲೋಟವಿಟ್ಟು ಓಡಿಸಿದರು. ಮೊದಮೊದಲು ಬಾನೆಟ್ಟೆಲ್ಲ ಒದ್ದೆ. ಆಮೇಲೆ ಅತ್ತೆಗೇ ಗುಟ್ಟು ಹೊಳೆಯಿತು. ಮೊದಲು ಧೈರ್ಯವಾಗಿ ಒತ್ತಿ ವೇಗ ಇಳಿಸಬೇಕು, ಗಾಡಿ ಇನ್ನೇನು ನಿಲ್ಲುತ್ತದೆ ಎನ್ನುವಾಗ ಪಾದವನ್ನು ಎಳೆಯೆಳೆಯಾಗಿ ಹಗುರ ಮಾಡಬೇಕು. ಹಳೆ ಪೆಡಲಿನಲ್ಲಿ ಅದು ಆಗದ ಮಾತು. ಅಲ್ಲಿ ಎಳೆಯೇ ಇರಲಿಲ್ಲ, ಮುದ್ದೆ ಇತ್ತು. ಈಗ ಒಂದು ಕೂದಲಿನಷ್ಟು ಹಗುರ ಮಾಡಿದರೂ ಚಕ್ರಕ್ಕೆ ತಿಳಿಯುತ್ತಿತ್ತು, ಚಕ್ರದ ಉತ್ತರ ಪಾದಕ್ಕೆ ಬರುತ್ತಿತ್ತು.

"ಕಾಲರಿನ ತುದಿ ತಿರುಗಿಸುವಾಗ ಹೀಗೇ ನಿಧಾನ ಮಾಡೋದು," ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಒಂದು ಸಂಜೆ ಮನೆಗೆ ವಾಪಸು ಬರುವಾಗ ಹಸುವೊಂದು ಅಡ್ಡ ಬಂತು. ಅತ್ತೆ ಮೆತ್ತಗೆ ನಿಲ್ಲಿಸಿದರು. ಹಿಂದೆ ಕೂತಿದ್ದ ಸೊಸೆ ಮುಂದಕ್ಕೆ ಬಗ್ಗಿ ನೋಡಿದಳು. ಮಾವನ ಬಲಗಾಲು ಎಡಗಾಲಿನ ಮೇಲೆ ಆರಾಮವಾಗಿ ಕೂತಿತ್ತು.

ಕೂಟದ ದಿನ ಇಳಿಜಾರಿನ ಎರಡೂ ಬದಿ ಜನ. ಬಣ್ಣ ಬಣ್ಣದ ಹಳೆ ಕಾರುಗಳು ಸಾಲಾಗಿ ನಿಂತಿದ್ದವು. ಮಹಾರಾಣಿ ಕಪ್ಪು ಕಾರಿಗೆ ಮೇಣ ಹಚ್ಚಿ, ಮುಖ ನೋಡಿಕೊಳ್ಳುವಂತೆ ಮಾಡಿಕೊಂಡು ಬಂದಿದ್ದರು.

"ಏನತ್ತಿಗೆ, ಟವೆಲ್ ತಂದಿದೀರಾ?" ಎಂದರು.

"ತಂದಿದೀನಿ ಕಣೇ, ನಿನಗೇ ಇರಲಿ ಅಂತ," ಎಂದರು ಅತ್ತೆ.

ಪ್ರತಿಯೊಬ್ಬರಿಗೂ ಎರಡು ಅವಕಾಶ, ಒಳ್ಳೆಯದು ಲೆಕ್ಕಕ್ಕೆ. ಮಹಾರಾಣಿ ಮೊದಲ ಸಲವೇ ಗೆರೆಯಿಂದ ಒಂದು ಗೇಣು ಹಿಂದೆ ನಿಂತು, ಒಂದು ಗುಟುಕಿನಷ್ಟು ನೀರು ಚೆಲ್ಲಿ ಜನರಿಂದ ಚಪ್ಪಾಳೆ ಗಿಟ್ಟಿಸಿದರು. ಅತ್ತೆಯ ಸರದಿ ಬಂತು. ನಿಂಬೆಹಣ್ಣು ಇಳಿಜಾರಿನಲ್ಲಿ ಹಾರಿಕೊಂಡು ಬಂದು ಹನಿ ನೀರೂ ಅಲುಗದಂತೆ ನಿಂತಿತು. ಆದರೆ ಗೆರೆಗಿಂತ ಎರಡು ಮಾರು ಹಿಂದೆ! ಭಯಕ್ಕೆ ಅತ್ತೆ ಬೇಗನೇ ಒತ್ತಿಬಿಟ್ಟಿದ್ದರು. ಜನ ನಕ್ಕರು.

ಅತ್ತೆ ಮತ್ತೆ ಮೇಲಕ್ಕೆ ಹೋಗುವ ಮೊದಲು ಸೊಸೆ ಕಿಟಕಿಯ ಹತ್ತಿರ ಓಡಿ ಬಂದಳು. "ಬ್ರೇಕನ್ನ ನಂಬಿ ಅತ್ತೆ. ಇನ್ನೂ ಸ್ವಲ್ಪ ತಡೆದು ಒತ್ತಿ. ಅದು ನಿಲ್ಲಿಸುತ್ತೆ."

"ಬ್ರೇಕನ್ನ ನಂಬ್ತೀನೋ ಇಲ್ವೋ, ಕೂರಿಸಿದವಳನ್ನ ನಂಬ್ತೀನಿ," ಎಂದರು ಅತ್ತೆ. ಚಪ್ಪಲಿ ಬಿಚ್ಚಿ ಸೊಸೆಯ ಕೈಗೆ ಕೊಟ್ಟು ಹೋದರು.

ಸೊಸೆ ಆ ಚಪ್ಪಲಿಗಳನ್ನು ಎದೆಗೆ ಒತ್ತಿಕೊಂಡು ಗೆರೆಯ ಪಕ್ಕದಲ್ಲಿ ನಿಂತಳು. ಬಾವುಟ ಬಿತ್ತು. ನಿಂಬೆಹಣ್ಣು ಇಳಿಯಿತು. ಬಂತು, ಬಂತು, ಇನ್ನೂ ಬಂತು. ಈಗ ಒತ್ತಬೇಕು ಎಂದು ಸೊಸೆ ಅಂದುಕೊಂಡ ಜಾಗವೂ ದಾಟಿತು. ಆಗ ಕಾರಿನ ಮೂಗು ಒಂದಿಷ್ಟು ತಗ್ಗಿತು, ವೇಗ ಕರಗಿತು, ತಗ್ಗಿದ ಮೂಗು ಮೆಲ್ಲಗೆ ಮೇಲೆದ್ದು ಸಮವಾಯಿತು. ಯಾವ ಕ್ಷಣದಲ್ಲಿ ನಿಂತಿತೆಂದು ಹೇಳಲು ಯಾರಿಂದಲೂ ಆಗುತ್ತಿರಲಿಲ್ಲ. ಬಾವುಟ ಹಿಡಿದವನು ಇನ್ನೂ ಬರುತ್ತಿದೆಯೆಂದು ಒಂದು ಹೆಜ್ಜೆ ಹಿಂದೆ ಸರಿದ.

ತೀರ್ಪುಗಾರರು ಮಂಡಿಯೂರಿ ಚಕ್ರ ನೋಡಿದರು. ಟೈರು ಗೆರೆಯ ಮೇಲೆ ಕೂತಿತ್ತು. ಎದ್ದು ಲೋಟ ನೋಡಿದರು. ನೀರು ಅಂಚಿನಲ್ಲಿ ಉಬ್ಬಿಕೊಂಡು ನಿಂತಿತ್ತು. ತಟ್ಟೆಯನ್ನು ಬೆರಳಿಂದ ಸವರಿ, ಒದ್ದೆಯಾಗದ ಬೆರಳನ್ನು ಜನರತ್ತ ಎತ್ತಿ ತೋರಿಸಿದರು.

ಮೊದಲು ಕೇಳಿಸಿದ್ದು ಮಾವನ ಸೀಟಿ. ಆಮೇಲೆ ಏನೂ ಕೇಳಿಸಲಿಲ್ಲ, ಅಷ್ಟು ಗದ್ದಲ. ಸೊಸೆ ಚಪ್ಪಲಿ ಹಿಡಿದ ಕೈಯನ್ನೇ ಮೇಲೆತ್ತಿ ಕುಣಿದಳು. ಮಗ ಯಾರೋ ಗುರುತಿಲ್ಲದವರನ್ನು ತಬ್ಬಿಕೊಂಡ. ಅತ್ತೆ ಬಾಗಿಲು ತೆರೆದು ಬರಿಗಾಲಿನಲ್ಲಿ ಇಳಿದು, ನೆಟ್ಟಗೆ ಬಂದು ಸೊಸೆಯ ಎರಡೂ ಕೆನ್ನೆ ಹಿಡಿದು ಅಲ್ಲಾಡಿಸಿದರು.

ಮಹಾರಾಣಿ ತಮ್ಮ ಎರಡನೇ ಸರದಿಯಲ್ಲಿ ಗೆರೆ ದಾಟಿಬಿಟ್ಟರು. ಇಳಿದು ಬಂದವರು ನಿಂಬೆಹಣ್ಣಿನ ಚಕ್ರದ ಹಿಂದೆ ಬಗ್ಗಿ ನೋಡಿದರು. "ಇದೇನಿದು ಹೊಳೀತಿರೋದು? ಇದು ಮೋಸ!"

"ನಿಲ್ಲಿಸೋ ಪಂದ್ಯದಲ್ಲಿ ಚೆನ್ನಾಗಿ ನಿಲ್ಲಿಸೋದು ಮೋಸ ಹೇಗಾಗುತ್ತಮ್ಮ?" ಎಂದರು ತೀರ್ಪುಗಾರರು.

ಮಹಾರಾಣಿ ಮೇಲೆತ್ತಿದ್ದ ಗದ್ದವನ್ನು ಇಳಿಸಿ, ಹೊಳೆಯುವ ಪೈಪನ್ನು ಬೆರಳಿಂದ ಮುಟ್ಟಿ ನೋಡಿದರು. ಆಮೇಲೆ, "ಒಂದ್ಸಲ ಕೂತು ನೋಡ್ಲಾ ಅತ್ತಿಗೆ?" ಎಂದರು. ಕೂತರು. ಪೆಡಲ್ ಒತ್ತಿದರು. ಹುಬ್ಬು ಮೇಲೇರಿತು. ಮತ್ತೆ ಒತ್ತಿದರು. ಇಳಿದು ಬಂದು ಸೊಸೆಯನ್ನು ಒಂದು ಬದಿಗೆ ಕರೆದು, "ನೋಡಮ್ಮ, ನನ್ನ ಗಾಡಿಗೂ..." ಎಂದು ಶುರು ಮಾಡಿದರು.

"ಹಾಕಿಕೊಡ್ತಾಳೆ ಬಿಡು," ಎಂದರು ಅತ್ತೆ ಹಿಂದಿನಿಂದ. "ಅಳತೆ ಮಾತ್ರ ನಾನೇ ತಗೋಬೇಕು. ನಿನ್ನ ಗಾಡಿ ಉದ್ದ ಜಾಸ್ತಿ, ಬಟ್ಟೆ ಜಾಸ್ತಿ ಬೇಕಾಗುತ್ತೆ."

ಮಹಾರಾಣಿಗೂ ನಗು ತಡೆಯಲಾಗಲಿಲ್ಲ.

ಮನೆಗೆ ಹೊರಡುವಾಗ ಅತ್ತೆ ಕಾರಿನ ಸುತ್ತ ಒಂದು ಬಾರಿ ಬಂದು, ಬೀಗದ ಕೈಯನ್ನು ಸೊಸೆಯ ಅಂಗೈಯಲ್ಲಿಟ್ಟರು. "ನೀನು ಓಡಿಸು. ನನ್ನ ಕಾಲಿಗೆ ಇವತ್ತು ರಜ," ಎಂದರು. ಹಿಂದಿನ ಸೀಟಿಗೆ ಹೋಗಿ, ಮಗನನ್ನು ಮೂಲೆಗೆ ತಳ್ಳಿ ಕಾಲು ನೀಡಿ ಕೂತರು. ತಮ್ಮದೇ ಕಾರಿನ ಹಿಂದಿನ ಸೀಟಿನಲ್ಲಿ ಅವರು ಕೂತದ್ದು ಅದೇ ಮೊದಲು. "ಇಲ್ಲಿ ಇಷ್ಟು ಮೆತ್ತಗಿದೆ ಅಂತ ಗೊತ್ತೇ ಇರಲಿಲ್ಲ," ಎಂದರು. ಎರಡನೇ ತಿರುವು ದಾಟುವಷ್ಟರಲ್ಲಿ ಬಾಯಿ ತೆರೆದು ಗೊರಕೆ ಹೊಡೆಯತೊಡಗಿದ್ದರು.

ಸಂಜೆಯ ಬಿಸಿಲು ಓರೆಯಾಗಿ ರಸ್ತೆಯ ಮೇಲೆ ಬಿದ್ದಿತ್ತು. ಸೊಸೆ ಮನೆಯ ದಾರಿಯಲ್ಲಿ ತಿರುಗಬೇಕಾದಲ್ಲಿ ತಿರುಗಲಿಲ್ಲ.

"ಮನೆ ಆ ಕಡೆ," ಎಂದ ಮಗ ಮೆಲ್ಲಗೆ.

"ಗೊತ್ತು. ಮಲಗಲಿ ಬಿಡು," ಎಂದಳು ಸೊಸೆ. ಕೆರೆಯ ಕಡೆಯ ಬಳಸು ರಸ್ತೆಗೆ ಗಾಡಿ ಹಾಕಿದಳು.